ವೃತ್ತಿಯೂ ವ್ಯಕ್ತಿಯೂ

ಅಪರಿಚಿತರಿಬ್ಬರು ದಾರಿಯಲ್ಲಿ ಸಂಧಿಸಿದರೆ, ಹೆಸರನ್ನೂ ಊರನ್ನೂ ವಿಚಾರಿಸಿದ ಬಳಿಕ ಹುಟ್ಟುವ ಪ್ರಶ್ನೆ "ಏನು ಮಾಡಿಕೊಂಡಿದ್ದೀರಿ?" ಎಂಬುದು. ಪ್ರಶ್ನೆಯು ಮಾಡುವುದನ್ನು ಕುರಿತದ್ದು. ಉತ್ತರವಾದರೋ ಬಹುಮಟ್ಟಿಗೆ ಆಗಿರುವುದನ್ನು ಕುರಿತು ಬರುತ್ತದೆ. ಮೇಷ್ಟರು, ತೋಟದವರು, ರೈಟರು ಎಂದು ಒಂದೇ ಮಾತಿನಲ್ಲಿ ಮನುಷ್ಯನು ತನ್ನನ್ನು ತಾನು ಹೇಳಿ ಮುಗಿಸುತ್ತಾನೆ. ಮಾಡುವ ಕೆಲಸವು ಹೀಗೆ ಮಾಡುವವನ ಹೆಸರಾಗಿ ನಿಲ್ಲುವುದು ಲೋಕರೂಢಿ. ಈ ರೂಢಿಯಿಂದ ಮನಸ್ಸಿಗೆ ಆಗುವ ಹಿತವೇನು, ಅಹಿತವೇನು ಎಂಬುದು ವಿಚಾರಿಸತಕ್ಕ ವಿಷಯ.

ಕನ್ನಡನಾಡಿಗೆ ಈ ವಿಚಾರ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಅನೇಕರ ಹೆಸರಿನೊಡನೆ ಅವರವರ ಕಸುಬು ಸೇರಿಕೊಂಡಿದೆ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ. ಲೋಕವು ಕೀಳೆಂದು ಎಣಿಸಿದ್ದ ಕಸುಬನ್ನೇ ಅವರು ಕಾಯಕವೆಂದು ಕರೆದು, ಅದಕ್ಕೆ ಪೂಜೆಯ ಪದವಿಯನ್ನು ಕೊಟ್ಟರು. ಅದೇ ಪರಂಪರೆಯಲ್ಲಿ ಆಯ್ದಕ್ಕಿ ಮಾರಯ್ಯನ ಕಥೆಯೂ ಉಂಟು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ಬೇಕಾದುದಕ್ಕಿಂತ ಹೆಚ್ಚಾಗಿ ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಅವನನ್ನು ಕಳುಹಿಸಿದಳು. ಕೆಲಸದ ಗೌರವವು ಕೆಲಸದಲ್ಲಿಯೇ ಉಂಟು, ಅದರಿಂದ ಕೂಡಿಬರುವ ರಾಶಿಯಲ್ಲಿಲ್ಲ ಎಂಬುದು ಕಥೆಯ ತಿರುಳು. ಈ ಭೇದವನ್ನು ಮರೆತಲ್ಲಿ ವೃತ್ತಿಯು ವ್ಯಕ್ತಿಯನ್ನು ಬೆಳೆಸುವುದಕ್ಕೆ ಬದಲಾಗಿ ನುಂಗತೊಡಗುತ್ತದೆ.

ಭೇದವನ್ನು ಕಣ್ಣಾರೆ ಕಾಣಬೇಕಾದವರು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಮಲೆಗಳನ್ನು ನೋಡಬಹುದು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಅರಬ್ಬೀ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದರೆಂದು ಐತಿಹ್ಯ. ಅಲ್ಲಿಂದ ಬೆಳೆದು ಬಂದ ಈ ಬೇಸಾಯವು ಮಲೆನಾಡಿನ ವರ್ಷವನ್ನೇ ತನ್ನಂತೆ ಹಂಚಿಕೊಂಡಿದೆ. ಮಾರ್ಚಿ ಏಪ್ರಿಲುಗಳಲ್ಲಿ ಎಲ್ಲರ ಕಣ್ಣೂ ಹೂಮಳೆಯ ಕಡೆಗೆ. ಗಿಡಕ್ಕೆ ಕಸಿ, ನೆರಳಿನ ಮರಗಳಿಗೆ ಮರಗಸಿ. ನವೆಂಬರಿನಿಂದ ಅರೇಬಿಕಾ ಹಣ್ಣಿನ ಕೊಯ್ಲು, ಅದರ ಹಿಂದೆಯೇ ರೊಬಸ್ಟಾ. ಬಳಿಕ ಪಲ್ಪರಿನ ಸದ್ದು, ಕಣದ ಕಾವಲು. ಇಲ್ಲಿಯವರಿಗೆ ಕೆಲಸವೆಂದರೆ ಕಾಲದ ಲೆಕ್ಕವೇ ಆಗಿದೆ.

ಮರಗಸಿ ಮಾಡುವವನನ್ನು ನೋಡಿರಿ. ಕತ್ತಿಯನ್ನು ಹಿಡಿದು ಎತ್ತರದ ಮರವನ್ನೇರುವ ಆತನು, ಯಾವ ಕೊಂಬೆಯನ್ನು ಕಡಿದರೆ ಕೆಳಗಿನ ಗಿಡಕ್ಕೆ ಎಷ್ಟು ಬಿಸಿಲು ಬಿದ್ದೀತೆಂದು ಅಲ್ಲಿಯೇ ನಿರ್ಣಯಿಸಬೇಕು. ಬಿಸಿಲು ಮಿತಿಮೀರಿದರೆ ಗಿಡ ಬಳಲುತ್ತದೆ. ನೆರಳು ಮಿತಿಮೀರಿದರೆ ಫಸಲು ತಗ್ಗುತ್ತದೆ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪಿತವಾದ ಕಾಫಿ ಸಂಶೋಧನಾ ಕೇಂದ್ರವು ಬೆಳೆಯ ವಿಷಯವಾಗಿ ಎಷ್ಟೋ ತಿಳಿವನ್ನು ಕೂಡಿಸಿಕೊಟ್ಟಿದೆ. ಆದರೆ ಈ ಮರದ ಈ ಕೊಂಬೆಯ ಮಾತನ್ನು ಹೇಳುವ ಗ್ರಂಥ ಯಾವುದೂ ಇಲ್ಲ. ಅದನ್ನು ಆತನ ಕಣ್ಣೇ ಹೇಳಬೇಕು. ಕೊಯ್ಲಿನಲ್ಲಿ ಹಸುರು ಕಾಯಿಯನ್ನು ಬಿಟ್ಟು ಕೆಂಪು ಹಣ್ಣನ್ನು ಮಾತ್ರವೇ ಬಿಡಿಸುವ ಹೆಂಗಸಿನ ಬೆರಳಿಗೂ ಅಂಥದೇ ವಿವೇಕವುಂಟು. ಇಂತಹ ಬಲ್ಮೆಯಿಂದ ಬರುವ ಸ್ಥೈರ್ಯವನ್ನು ಪೇಟೆಯ ದರವು ಏರಿಸಲಾರದು, ಇಳಿಸಲೂ ಆರದು. ವೃತ್ತಿಯು ಮನುಷ್ಯನಿಗೆ ಕೊಡಬಹುದಾದ ಅತ್ಯಂತ ಹಿತಕರವಾದ ದಾನವಿದು.

ಎರಡನೆಯ ಬಗೆಯೊಂದುಂಟು. ಅಲ್ಲಿ ಮನುಷ್ಯನು ತನ್ನ ಹೆಸರನ್ನು ಕೈಗೆಲಸಕ್ಕೆ ಕಟ್ಟದೆ ಆಸ್ತಿಗೂ ಬೆಲೆಗೂ ಕಟ್ಟುತ್ತಾನೆ. 1942ರ ಕಾಯಿದೆಯಿಂದ ಏರ್ಪಟ್ಟ ಕಾಫಿ ಬೋರ್ಡಿನ ಕಾಲದಲ್ಲಿ ಬೆಳೆಗಾರನು ಫಸಲನ್ನು ಪೂಲಿಗೆ ಒಪ್ಪಿಸಿ ಕಂತುಗಳಲ್ಲಿ ಹಣವನ್ನು ಪಡೆಯುತ್ತಿದ್ದನು. 1996ರ ವೇಳೆಗೆ ಆ ಏರ್ಪಾಡು ಮುಗಿದು, ಮಾರಾಟವೆಲ್ಲವೂ ಅವನ ಇಚ್ಛೆಗೆ ಬಂತು; ಬೆಲೆಯ ಆತಂಕವೂ ಅದರೊಡನೆಯೇ ಬಂತು. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಅಲ್ಲಿಯ ಗಿಡಗಳು ಸುಟ್ಟುದರಿಂದ ಲೋಕದಲ್ಲೆಲ್ಲ ಕಾಫಿಯ ಬೆಲೆ ಏರಿತು. 2001-02ರ ವೇಳೆಗೆ ಅದೇ ಬೆಲೆ ಪಾತಾಳಕ್ಕಿಳಿಯಿತು. ಈ ಏಳೆಂಟು ವರ್ಷಗಳಲ್ಲಿ ಮೂಡಿಗೆರೆಯ ಬೆಳೆಗಾರನ ಕೈಯಾಗಲಿ ಮಣ್ಣಾಗಲಿ ಕೆಟ್ಟಿರಲಿಲ್ಲ. ಆದರೂ ಮೊದಲು ಜಾಣನೆನಿಸಿಕೊಂಡವನು ಆಮೇಲೆ ಕೆಟ್ಟವನೆನಿಸಿಕೊಂಡನು. ಕಾಣದ ದೇಶದ ಹಿಮಕ್ಕೆ ತನ್ನ ಮಾನವನ್ನು ಅಡವಿಟ್ಟವನಿಗೆ ನಿದ್ರೆ ಬಾರದಿರುವುದು ಆಶ್ಚರ್ಯವಲ್ಲ. ತೋಟ ಸೋತಿತೆಂದು ಹೇಳಬೇಕಾದಲ್ಲಿ ಅವನು ತಾನು ಸೋತೆನೆಂದು ಹೇಳಿಕೊಳ್ಳುತ್ತಾನೆ. ಸಾಲವನ್ನು ಹೇಗೋ ಹೊರುವವನು ನಾಚಿಕೆಯನ್ನು ಹೊರಲಾರದೆ, ಮದುವೆ ಮುಂಜಿಗಳಿಗೂ ಹೋಗದೆ ಮನೆಯೊಳಗೆ ಕುಗ್ಗಿ ಕೂರುತ್ತಾನೆ. ಮನೋವ್ಯಾಧಿಗೆ ಇದಕ್ಕಿಂತ ಹತ್ತಿರದ ದಾರಿ ಬೇರೆ ಬೇಕಿಲ್ಲ.

ಹಾಗಾದರೆ ವೃತ್ತಿಯ ಹೆಸರನ್ನು ಪೂರ್ತಿಯಾಗಿ ಕಳಚಿಟ್ಟು, ಬರಿಯ ಮನುಷ್ಯನಾಗಿ ಇರುವುದೇ ಲೇಸಲ್ಲವೆ ಎಂದು ಯಾರಾದರೂ ಕೇಳಬಹುದು. ಆಸ್ಟ್ರಿಯ ದೇಶದ ಮರಿಯೆಂಟಾಲ್ ಎಂಬ ಹಳ್ಳಿಯ ಅನುಭವ ಇದಕ್ಕೆ ಉತ್ತರ ಕೊಡುತ್ತದೆ. ಆ ಹಳ್ಳಿಗೆ ಅನ್ನವಾಗಿದ್ದ ಬಟ್ಟೆಯ ಗಿರಣಿ ಮುಚ್ಚಿದ ಮೇಲೆ, ಮಾರೀ ಯಹೋಡಾ ಮೊದಲಾದ ವಿದ್ವಾಂಸರು ಅಲ್ಲಿಯವರ ಬಾಳನ್ನು ಪರಿಶೀಲಿಸಿ 1933ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಗಂಡಸರಿಗೆ ಬಿಡುವು ಬೇಕಾದಷ್ಟಿತ್ತು. ಆದರೂ ಪುಸ್ತಕಾಲಯದಿಂದ ಒಯ್ಯುವ ಪುಸ್ತಕಗಳು ಕಡಮೆಯಾದುವು, ನಡಿಗೆ ನಿಧಾನವಾಯಿತು, ದಿನವನ್ನು ಹೇಗೆ ಕಳೆದೆವೆಂದು ಹೇಳುವುದು ಅವರಿಗೆ ಕಷ್ಟವಾಯಿತು. ಮನೆಗೆಲಸ ಉಳಿದಿದ್ದ ಹೆಂಗಸರು ಮಾತ್ರ ಕಾಲದ ಹಿಡಿತವನ್ನು ಅಷ್ಟಾಗಿ ಕಳೆದುಕೊಳ್ಳಲಿಲ್ಲ. ಕೆಲಸವಿಲ್ಲದ ಬಿಡುವು ಬಿಡುಗಡೆಯಾಗಲಾರದೆಂಬುದು ಇದರಿಂದ ಸ್ಪಷ್ಟ.

ಮಲೆನಾಡಿಗೂ ಇದು ದೂರದ ಮಾತಲ್ಲ. 2019ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಕಡೆಗಳಲ್ಲಿ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಮಣ್ಣುಪಾಲಾದುವು. ಮಲೆನಾಡಿನ ಅಡಕೆಯ ತೋಟಗಳಿಗೆ ಹಳದಿ ಎಲೆ ರೋಗ ತಗಲಿ, ತಲೆಮಾರುಗಳಿಂದ ನಂಬಿದ ಮರಗಳು ನಿಂತಲ್ಲಿಯೇ ಸೊರಗಿದುದೂ ಉಂಟು. ಹೋದ ನೆಲಕ್ಕೂ ಮನೆಗೂ ಬೆಲೆ ಕಟ್ಟಬಹುದು. ಬೆಳಗ್ಗೆ ಎದ್ದು ಒಂದು ಸುತ್ತು ಹೋಗಿ ನೋಡಿಬರಲು ಗಿಡಗಳೇ ಇಲ್ಲದವನಿಗೆ, ಆ ಬೆಳಗಿನ ಬೆಲೆಯನ್ನು ಕಟ್ಟಿಕೊಡತಕ್ಕವರು ಯಾರು? ಹಾಗೆ ಕಳೆದುಕೊಂಡವರಿಗೂ ಉಳಿಯುವುದೊಂದುಂಟು. ಮಣ್ಣಿನ ಗುಣ, ಮಳೆಯ ಲಕ್ಷಣ, ಗಿಡದ ರೋಗ ಇವುಗಳನ್ನು ಅರಿತ ಬುದ್ಧಿ ತೋಟದೊಡನೆ ಜರಿದುಹೋಗುವುದಿಲ್ಲ. ಬಾಳನ್ನು ಮತ್ತೆ ಕಟ್ಟುವವನು ಅದರ ಮೇಲೆ ಕಟ್ಟಬೇಕು.

ಇನ್ನು ದೊಡ್ಡದೊಂದು ಆಕ್ಷೇಪ ಉಳಿದಿದೆ. ಕೆಲಸವೇ ಗೌರವವೆಂಬುದು ತೋಟವುಳ್ಳವರ ಮಾತು. ದಿನಗೂಲಿಯವರಿಗೆ ಆ ಭಾಗ್ಯವೆಲ್ಲಿ ಎಂಬುದು ಆ ಆಕ್ಷೇಪ. ಇದು ತಳ್ಳಿಹಾಕತಕ್ಕದ್ದಲ್ಲ. ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ತಮಿಳುನಾಡಿನಿಂದಲೂ, ಇತ್ತೀಚೆಗೆ ದೂರದ ಅಸ್ಸಾಮಿನಿಂದಲೂ ಬಂದವರ ದುಡಿಮೆಯಿಂದ ಈ ತೋಟಗಳು ನಿಂತಿವೆ. ಅವರ ವಿಷಯವಾಗಿ ಬೆಳಗ್ಗೆ ಹುಟ್ಟುವ ಪ್ರಶ್ನೆ "ಇಂದು ಎಷ್ಟು ಆಳು?" ಎಂಬುದು. ಯಾರು ಎಂಬುದಕ್ಕೆ ಅಲ್ಲಿ ಸ್ಥಳವಿಲ್ಲ. ಮೇಸ್ತ್ರಿಯ ಲೆಕ್ಕದಲ್ಲಿ ಆಕೆ ಒಂದು ಆಳು, ತಕ್ಕಡಿಯ ಲೆಕ್ಕದಲ್ಲಿ ಇಷ್ಟು ಕಿಲೋ ಹಣ್ಣು. 1951ರ ತೋಟಕಾರ್ಮಿಕರ ಕಾಯಿದೆಯು ವಸತಿ, ವೈದ್ಯಸಹಾಯ ಮೊದಲಾದುವನ್ನು ದೊಡ್ಡ ತೋಟಗಳ ಯಜಮಾನರ ಹೊಣೆಯಾಗಿ ಮಾಡಿದುದು ಸ್ತುತ್ಯವೇ ಸರಿ. ಆದರೆ ಲೈನಿನ ಮನೆಯು ಕೆಲಸಕ್ಕೆ ಕಟ್ಟಿದ ಮನೆ. ಕಣ್ಣು ಮಂಜಾಗಿ ಬೆರಳು ನಡುಗುವ ದಿನ ಕೂಲಿಯೊಡನೆ ಸೂರೂ ತಪ್ಪೀತೆಂಬ ಭಯವುಳ್ಳವಳಿಗೆ ಕಾಯಕದ ಮಹಿಮೆಯನ್ನು ಬೋಧಿಸುವುದು ನಿರ್ದಯವಾದೀತು. ಮೊದಲು ಆ ಭಯವನ್ನು ತೆಗೆಯಬೇಕು. ಬಳಿಕ ಆಕೆಯ ಬಲ್ಮೆಯನ್ನು ಗುರುತಿಸಿ, ಕೆಲಸದಲ್ಲಿ ಆಕೆಯ ಮಾತಿಗೂ ಬೆಲೆ ಕೊಡಬೇಕು.

ಈ ಗುರುತಿಸುವಿಕೆಯ ಬೆಲೆಯನ್ನು ಚೆನ್ನಾಗಿ ಅರಿತಿದ್ದವರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು (1938-2007). 1980ರಲ್ಲಿ ಪ್ರಕಟವಾದ ಅವರ "ಕರ್ವಾಲೊ" ಕಾದಂಬರಿಯಲ್ಲಿ, ಊರವರು ಕೆಲಸಕ್ಕೆ ಬಾರದವನೆಂದು ಬಗೆದ ಮಂದಣ್ಣನಲ್ಲಿ ವಿಜ್ಞಾನಿಯೊಬ್ಬನು ನಿಸರ್ಗದ ಹುಟ್ಟು ಪಂಡಿತನನ್ನು ಕಾಣುತ್ತಾನೆ. ತೇಜಸ್ವಿಯವರ ಬಾಳೂ ಒಂದು ಪಾಠ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಮಲೆನಾಡಿಗೆ ಬಂದು ಕಾಫಿ ಬೆಳೆದರು, ಕಥೆ ಕಾದಂಬರಿ ಬರೆದರು, ಹಕ್ಕಿಗಳ ಚಿತ್ರ ತೆಗೆದರು, ಮೀನು ಹಿಡಿದರು. ಅವರ ವೃತ್ತಿ ಯಾವುದೆಂದು ಕೇಳಿದರೆ ಒಂದೇ ಮಾತಿನ ಉತ್ತರ ದೊರೆಯದು. ಅಷ್ಟು ಬಿಡುವೂ ಪ್ರತಿಭೆಯೂ ಎಲ್ಲರಿಗೂ ಇರವು. ಆದರೂ ಇಲ್ಲಿಯ ಕಾಫಿಯ ಗಿಡವೇ ಒಂಟಿಯಾಗಿ ಬೆಳೆಯತಕ್ಕದ್ದಲ್ಲ: ಮೇಲೆ ಅತ್ತಿ ಹಲಸುಗಳ ನೆರಳು, ಅವುಗಳ ಮೈಮೇಲೆ ಮೆಣಸಿನ ಬಳ್ಳಿ. ಕಾಫಿಗೆ ಬೆಲೆಯಿಲ್ಲದ ವರ್ಷ ಮೆಣಸು ಮನೆಯನ್ನು ಕಾಯುತ್ತದೆ. ತೋಟದ ಬೇಸಾಯದಲ್ಲಿ ಇಷ್ಟು ಎಚ್ಚರವುಳ್ಳವರು ಮನಸ್ಸಿನ ಬೇಸಾಯದಲ್ಲಿ ಒಂದೇ ಬೆಳೆಯನ್ನು ನೆಚ್ಚಬಾರದು. ತೋಟದ ಯಜಮಾನನು ತಂದೆಯೂ ನೆರೆಯವನೂ ಭಜನೆಯಲ್ಲಿ ತಾಳ ಹಿಡಿಯುವವನೂ ಆಗಿರಬಹುದಷ್ಟೆ.

ಕೆಲಸವು ಮನುಷ್ಯನನ್ನು ರೂಪಿಸುತ್ತದೆ. ಅದನ್ನು ತಪ್ಪಿಸುವುದು ಸಾಧ್ಯವೂ ಅಲ್ಲ, ಲೇಸೂ ಅಲ್ಲ. ಮಾಡುವುದರ ಅಚ್ಚುಕಟ್ಟಿನಲ್ಲಿ ಮಾನವನ್ನು ಇಟ್ಟವನಿಗೆ ಆ ರೂಪ ಬಲವಾಗುತ್ತದೆ. ದೊರೆಯುವುದರಲ್ಲಿ ಇಟ್ಟವನಿಗೆ ಹಗ್ಗವಾಗುತ್ತದೆ. ಸಮಾಜದ ಪಾಲಿನ ಕರ್ತವ್ಯವೂ ಒಂದುಂಟು. ಬೆಲೆ ಬಿದ್ದವನನ್ನೂ ತೋಟ ಹೋದವನನ್ನೂ ದುಡಿಯಲಾರದೆ ಲೈನಿನ ಜಗಲಿಯಲ್ಲಿ ಕುಳಿತ ಮುದುಕಿಯನ್ನೂ, ಅವರು ದುಡಿಯುತ್ತಿದ್ದ ದಿನಗಳಲ್ಲಿ ಕರೆಯುತ್ತಿದ್ದಂತೆಯೇ ಹೆಸರು ಹಿಡಿದು ಆದರದಿಂದ ಮಾತನಾಡಿಸುವುದು ಆ ಕರ್ತವ್ಯ. ಅದಕ್ಕೆ ಹಣದ ವೆಚ್ಚವೇನೂ ಇಲ್ಲ.