ನದಿಗೆ ಎಸೆದ ಉಳಿ

ಬ್ಯಾಂಕಾಕಿನ ವಾಟ್ ಸುಥಾಟ್ ದೇವಾಲಯದ ವಿಹಾರಕ್ಕೆ ಕೆತ್ತಿಸಿದ ತೇಗದ ಬಾಗಿಲುಗಳ ಬಗ್ಗೆ ಥಾಯ್ ಜನ ಒಂದು ಕಥೆ ಹೇಳುತ್ತಾರೆ. 1809ರಿಂದ 1824ರವರೆಗೆ ಆಳಿದ ಎರಡನೆಯ ರಾಮ ದೊರೆ ಕವಿಯೂ ಹೌದು, ಕೆತ್ತನೆ ಬಲ್ಲವನೂ ಹೌದು. ಅವನು ಹುಟ್ಟಿದ ಫೆಬ್ರುವರಿ 24 ಇವತ್ತಿಗೂ ಆ ದೇಶದಲ್ಲಿ ಕಲಾವಿದರ ದಿನ. ಈ ಬಾಗಿಲ ಕೆಲಸಕ್ಕೆ ಅವನೇ ಉಳಿ ಹಿಡಿದು ಕೂತನಂತೆ. ಮುಗಿದ ಮೇಲೆ, ಇಂಥದ್ದು ಲೋಕದಲ್ಲಿ ಇನ್ನೊಂದು ಆಗಬಾರದೆಂದು ಉಳಿಗಳನ್ನೆಲ್ಲ ನದಿಗೆ ಹಾಕಿಸಿಬಿಟ್ಟನಂತೆ.

ಬಾಗಿಲು ಐದು ಮೀಟರಿಗೂ ಹೆಚ್ಚು ಎತ್ತರ. ಅದರ ತುಂಬ ಪುರಾಣದ ಹಿಮವಂತ ವನ: ಗಿಡ, ಬಳ್ಳಿ, ಹಕ್ಕಿ, ಪ್ರಾಣಿ. ಯಾವುದನ್ನೂ ಬೇರೆ ಕೆತ್ತಿ ತಂದು ಅಂಟಿಸಿದ್ದಲ್ಲ. ದಪ್ಪ ಹಲಗೆಯೊಳಗೇ ಪದರದ ಹಿಂದೆ ಪದರ ತೋಡುತ್ತ ಹೋಗಿದ್ದಾರೆ. ಮುಂದಿನ ಎಲೆ ಮುರಿಯದಂತೆ ಅದರ ಸಂದಿನಲ್ಲಿ ಉಳಿ ತೂರಿಸಿ ಹಿಂದಿನ ಕೊಂಬೆ ಬಿಡಿಸಬೇಕು. ಅದರ ಹಿಂದಿನ ಕತ್ತಲಲ್ಲಿ ಇನ್ನೊಂದು ಹಕ್ಕಿ ಕೂತಿರಬೇಕು. ಮಣ್ಣಾದರೆ ಮೆತ್ತಿ ತಿದ್ದಬಹುದು. ಮರದಲ್ಲಿ ಒಮ್ಮೆ ಹಾರಿದ ಚಕ್ಕೆ ಹಾರಿತು. ಹಾಗಾಗಿ ಆ ದೊರೆಯ ಹೆಮ್ಮೆ ನನಗೆ ಅರ್ಥವಾಗುತ್ತದೆ. ಆದರೆ 1959ರಲ್ಲಿ ಅಲ್ಲಿ ಬೆಂಕಿ ಬಿದ್ದು ಒಂದು ಬಾಗಿಲು ಕೆಟ್ಟಿತು. ಈಗ ಅದು ಬ್ಯಾಂಕಾಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಬೆಂಕಿಗೆ ರಾಜನ ಕೈ, ಆಳಿನ ಕೈ ಎಂಬ ಭೇದವಿಲ್ಲ. ಅಂಥ ದಿನ ಬೇಕಾಗುವುದು ನದಿಯ ತಳದಲ್ಲಿರುವ ಉಳಿಗಳೇ.

ಕಥೆ ನಿಜವೋ ಸುಳ್ಳೋ, ಅದರಲ್ಲೊಂದು ಆಸೆಯಿದೆ: ನಾನು ಮಾಡಿದ್ದು ನನ್ನೊಂದಿಗೇ ಮುಗಿಯಲಿ ಎಂಬುದು. ಥಾಯ್ ಕುಶಲಕರ್ಮಿಗಳು ಬದುಕಿದ್ದು ಈ ಆಸೆಗೆ ತೀರ ವಿರುದ್ಧವಾಗಿ. ಅವರ ‘ವಾಯ್ ಕ್ರೂ’ ಎಂದರೆ ಗುರುವಂದನೆ, ವಾಡಿಕೆಯಂತೆ ಗುರುವಾರ ನಡೆಯುತ್ತದೆ. ಅಲ್ಲಿ ಪೂಜೆಗೊಳ್ಳುವ ದೇವರು ಫ್ರಾ ವಿಸ್ಸನುಕಾಮ್, ನಮ್ಮ ಬಡಗಿ, ಕಮ್ಮಾರ, ಅಕ್ಕಸಾಲಿಗರು ಕೈಮುಗಿಯುವ ವಿಶ್ವಕರ್ಮನೇ. ಹತಾರಗಳಿಗೆ ಹೂವಿಟ್ಟು ನಮಸ್ಕರಿಸುವವನಿಗೆ ಅವು ತನ್ನವು ಮಾತ್ರ ಅನ್ನಿಸುವುದಿಲ್ಲ. ತನಗಿಂತ ಮುಂಚೆ ಯಾರೋ ಹಿಡಿದಿದ್ದರು, ನಾಳೆ ಯಾರೋ ಹಿಡಿಯುತ್ತಾರೆ.

ಪಕ್ಕದಲ್ಲಿ ಕೂತು ನೋಡದೆ ಈ ವಿದ್ಯೆ ಬರುವುದೂ ಇಲ್ಲ. ಧರ್ಮಗ್ರಂಥಗಳ ತಾಳೆಗರಿಗಳನ್ನು ಇಡಲು ಅಲ್ಲಿನ ಮಠಗಳಲ್ಲಿ ಮರದ ಕಪಾಟುಗಳಿವೆ. ಬುಡ ಅಗಲ, ಮೇಲೆ ಹೋದಂತೆ ಕಿರಿದು. ಕೆಲವಕ್ಕೆ ಸಿಂಹದ ಪಾದದಂತೆ ಕೆತ್ತಿದ ಕಾಲು. ಅವುಗಳ ಮೈಮೇಲಿನ ಚಿನ್ನದ ಚಿತ್ತಾರ ಮೂಡುವ ಬಗೆ ವಿಚಿತ್ರ. ಮರಕ್ಕೆ ಕಪ್ಪು ಅರಗಿನೆಣ್ಣೆಯನ್ನು ಪದರ ಪದರವಾಗಿ ಬಳಿದು ನುಣುಪು ಮಾಡುತ್ತಾರೆ. ಆಮೇಲೆ ಹರಿದಳವೆಂಬ ಹಳದಿ ಖನಿಜದ ಪುಡಿಯನ್ನು ಬೇಲದ ಮರದ ಅಂಟಿನೊಂದಿಗೆ, ಸೀಗೆಯ ನೀರಿನೊಂದಿಗೆ ಕಲಸಿ, ಚಿನ್ನ ಎಲ್ಲಿ ಬೇಡವೋ ಅಲ್ಲೆಲ್ಲ ಕುಂಚದಿಂದ ತುಂಬುತ್ತಾರೆ. ಮೇಲೊಂದು ತೆಳು ಅರಗಿನ ಲೇಪ, ಅದರ ಮೇಲೆ ಇಡಿಯಾಗಿ ಚಿನ್ನದ ರೇಕು. ಕೊನೆಗೆ ನೀರು ಹಾಕಿ ಮೆಲ್ಲಗೆ ತೊಳೆದರೆ ಹರಿದಳ ಕರಗಿ, ತನ್ನ ಮೇಲಿನ ಚಿನ್ನವನ್ನೂ ಎತ್ತಿಕೊಂಡು ಹೋಗುತ್ತದೆ. ಚಿತ್ರ ಉಳಿಯುತ್ತದೆ. ನೀರು ಹಾಕುವವರೆಗೆ ಅದು ಕಾಣುವುದೇ ಇಲ್ಲ. ಅಂಟು ಎಷ್ಟು ಮಂದವಿರಬೇಕು, ಅರಗು ಎಷ್ಟು ಒಣಗಿರಬೇಕು ಎಂಬುದನ್ನು ಬೆರಳು ಹೇಳಬೇಕು, ಅದೂ ಗುರುವಿನ ಬೆರಳು ತೋರಿಸಿಕೊಟ್ಟ ಮೇಲೆ. ಬೇಲ, ಸೀಗೆ ನಮ್ಮ ಹಿತ್ತಲಲ್ಲೂ ಸಿಗುವಂಥವು. ಸಿಗದೇ ಹೋಗಬಹುದಾದದ್ದು ಆ ಬೆರಳು.

ಮರವೂ ಮುಗಿಯಬಹುದು ಎಂಬುದನ್ನು ಥಾಯ್ಲೆಂಡ್ ನೋವಿನಿಂದಲೇ ಕಲಿಯಿತು. 1988ರ ನವೆಂಬರಿನಲ್ಲಿ ದಕ್ಷಿಣದ ಜಿಲ್ಲೆಗಳಲ್ಲಿ ಪ್ರವಾಹ, ಭೂಕುಸಿತಗಳಿಗೆ ನೂರಾರು ಜನ ಸತ್ತರು. ಬೋಳಾದ ಬೆಟ್ಟಗಳಿಂದ ದಿಮ್ಮಿಗಳು ಊರೊಳಗೆ ನುಗ್ಗಿದ್ದವು. 1989ರ ಜನವರಿಯಲ್ಲಿ ಸರ್ಕಾರ ನೈಸರ್ಗಿಕ ಕಾಡಿನ ವಾಣಿಜ್ಯ ಕಡಿತವನ್ನೇ ನಿಷೇಧಿಸಿತು. ಕೆತ್ತುವವರಿಗೆ ಕಷ್ಟವಾದೀತೆಂದು ಆ ನಿಷೇಧವನ್ನು ಹಳಿಯಲು ನನಗೆ ಮನಸ್ಸಿಲ್ಲ. ಕಾಡಿಲ್ಲದ ಕೆತ್ತನೆಗೆ ಯಾವ ಅಂದ? ಚಿಯಾಂಗ್ ಮಾಯ್ ಹತ್ತಿರದ ಬಾನ್ ತವಾಯ್ ಊರಿನಲ್ಲಿ ಈಗ ಮಳೆಮರ, ಮಾವು, ಹಳೆ ಮನೆಗಳಿಂದ ಬಿಚ್ಚಿದ ತೇಗ ಇವೆಲ್ಲ ಉಳಿಯ ಕೆಳಗೆ ಬರುತ್ತವೆ. ಶ್ರೀಗಂಧ ಅಪರೂಪವಾದಾಗ ನಮ್ಮ ಸಾಗರ, ಸೊರಬದ ಗುಡಿಗಾರರೂ ಬೇರೆ ಮರಕ್ಕೆ ಕೈ ಒಗ್ಗಿಸಿಕೊಳ್ಳಬೇಕಾಯಿತು. ಮರ ಬದಲಾದರೂ ಕೈ ಸೋಲಲಿಲ್ಲ.

ಹೀಗಿರುವಾಗ ಪಟ್ಟಾಯದ ಕಡಲಂಚಿನ ಸತ್ಯದ ಮಂದಿರದ ಕುರಿತು ಕೇಳಿಬರುವ ಒಂದು ದೂರು ನನಗೆ ಒಪ್ಪಿಗೆಯಾಗುವುದಿಲ್ಲ. ಲೆಕ್ ವಿರಿಯಫಾನ್ ಎಂಬ ಉದ್ಯಮಿ 1981ರಲ್ಲಿ ಅದನ್ನು ಆರಂಭಿಸಿದರು, 2000ದಲ್ಲಿ ತೀರಿಕೊಂಡರು. ನೂರು ಮೀಟರ್ ದಾಟಿದ ಕಟ್ಟಡ, ಪೂರ್ತಿ ಮರದ್ದು, ಒಳಗೂ ಹೊರಗೂ ಕೆತ್ತನೆ. ಇನ್ನೂ ಮುಗಿದಿಲ್ಲ. ಒಂದು ಬದಿಯಲ್ಲಿ ಹೊಸ ವಿಗ್ರಹ ಏರುವಾಗ ಇನ್ನೊಂದು ಬದಿಯಲ್ಲಿ ಬಿಸಿಲು, ಮಳೆ, ಉಪ್ಪುಗಾಳಿಗೆ ಹಳೆಯದು ಸವೆಯುತ್ತದೆ. ಅದನ್ನು ಬಿಚ್ಚಿ ಮತ್ತೆ ಕೆತ್ತಬೇಕು. ಕಲ್ಲಿನಲ್ಲೋ ಕಾಂಕ್ರೀಟಿನಲ್ಲೋ ಕಟ್ಟಿದ್ದರೆ ಈ ಪಾಡಿರಲಿಲ್ಲ ಎನ್ನುವವರಿದ್ದಾರೆ. ನಿಜ, ಇರಲಿಲ್ಲ. ಆದರೆ ಹಾಗೆ ಕಟ್ಟಿ ಮುಗಿಸಿದ್ದರೆ ಅಲ್ಲಿನ ಕೊಡತಿಯ ಸದ್ದು ಎಂದೋ ನಿಂತು, ಕೆತ್ತುವವರು ಬೇರೆ ಕೂಲಿ ಹುಡುಕಿಕೊಂಡು ಹೋಗಿರುತ್ತಿದ್ದರು. ಸವೆಯುವ ಮರದಲ್ಲಿ ಕಟ್ಟಿದ್ದರಿಂದಲೇ ಕಟ್ಟಿಸಿದವರು ಹೋಗಿ ಇಷ್ಟು ವರ್ಷವಾದರೂ ಅಲ್ಲಿ ಉಳಿ ಹಿಡಿಯುವವರಿಗೆ ಕೆಲಸವಿದೆ, ಹೊಸದಾಗಿ ಕಲಿಯಬಂದವರಿಗೆ ಕೂರಲು ಜಾಗವಿದೆ.