ದಮನ ಬೇರೆ, ಸಂಯಮ ಬೇರೆ
(ಈಜು ಕಲಿಯುವವನ ಉಸಿರನ್ನು ಕುರಿತ ಒಂದು ವಿಚಾರ)

ದೇಹದಲ್ಲಿ ಏಳುವ ಕ್ಷೋಭೆಯನ್ನು ಗೆಲ್ಲುವುದೆಂದರೆ ಅದರ ಬಾಯಿ ಮುಚ್ಚಿಸುವುದೇ, ಅಥವಾ ಅದರ ಕಾರಣವನ್ನರಿತು ನಿವಾರಿಸುವುದೇ? ಉಪವಾಸ, ಮೌನ, ಇಂದ್ರಿಯನಿಗ್ರಹಗಳ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಎದ್ದೇಳುತ್ತದೆ. ಇದಕ್ಕೆ ಉತ್ತರವನ್ನು ಗ್ರಂಥಗಳಲ್ಲಿ ಹುಡುಕುವುದು ವಾಡಿಕೆ. ಆದರೆ ಎದೆಮಟ್ಟದ ನೀರಿನಲ್ಲಿ ನಿಂತು ಈಜು ಕಲಿಯುತ್ತಿರುವವನ ಉಸಿರಿನಲ್ಲಿಯೂ ಇದರ ಉತ್ತರ ಸ್ಪಷ್ಟವಾಗಿ ದೊರೆಯುತ್ತದೆ ಎಂಬುದನ್ನು ವಾಚಕರ ಮುಂದಿಡಲು ಈ ಲೇಖನದಲ್ಲಿ ಪ್ರಯತ್ನಿಸಿದ್ದೇನೆ.

ನಾನು ವಾಸಿಸುವ ದೊಮ್ಮಲೂರು ಪ್ರಾಚೀನವಾದ ಊರು. ಇಲ್ಲಿಯ ಚೊಕ್ಕನಾಥಸ್ವಾಮಿ ದೇವಾಲಯದ ಶಾಸನಗಳಲ್ಲಿ ಇದು ‘ತೊಂಬಲೂರು’ ಎಂದು ಉಲ್ಲೇಖಗೊಂಡಿದೆ. ಬೆಂಗಳೂರಿನ ಎಲ್ಲ ಹಳೆಯ ಊರುಗಳಂತೆ ಇದಕ್ಕೂ ಒಂದು ಕೆರೆಯಿತ್ತು. ಅದು ಬಡಾವಣೆಯಾಗಿ ಮಾರ್ಪಟ್ಟು ದಶಕಗಳೇ ಸಂದವು. ಹಿಂದೆ ನಮ್ಮ ನಾಡಿನ ಹುಡುಗರು ಬೆನ್ನಿಗೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು ಕೆರೆ ಬಾವಿಗಳಲ್ಲಿ ಈಜು ಕಲಿಯುತ್ತಿದ್ದರು. ಆ ಈಜಿನಲ್ಲಿ ತಲೆ ಸದಾ ನೀರಿನ ಮೇಲಿರುತ್ತಿದ್ದುದರಿಂದ ಉಸಿರಾಟವನ್ನು ಬೇರೆಯಾಗಿ ಕಲಿಯಬೇಕಾಗಿರಲಿಲ್ಲ. ಇಂದು ಹಲಸೂರು ಕೆರೆಯ ಸಮೀಪದ ಕೆನ್ಸಿಂಗ್ಟನ್ ರಸ್ತೆಯ ಕೊಳದಂತಹ ಸಾರ್ವಜನಿಕ ಈಜುಕೊಳಗಳಲ್ಲಿಯೂ ಇಂದಿರಾನಗರದ ವಸತಿ ಸಮುಚ್ಚಯಗಳ ಕೊಳಗಳಲ್ಲಿಯೂ ಕಲಿಸುವುದು ಮುಖವನ್ನು ನೀರಿನೊಳಗಿಟ್ಟು ಈಜುವ ಕ್ರಮವನ್ನು. ಆದಕಾರಣ ಬಲ್ಲ ಶಿಕ್ಷಕನು ಕೈಕಾಲು ಬಡಿಯುವುದನ್ನು ಹೇಳಿಕೊಡುವ ಮೊದಲೇ, ಕೊಳದ ಅಂಚನ್ನು ಹಿಡಿದು ನಿಲ್ಲಿಸಿ, ಮುಖವನ್ನು ಮುಳುಗಿಸಿ ಗುಳ್ಳೆಗಳೇಳುವಂತೆ ಉಸಿರು ಬಿಡಿಸುತ್ತಾನೆ. ಮಕ್ಕಳಿಗೆ ಇದು ಆಟ. ವಯಸ್ಕರಿಗಾದರೋ ಇದೇ ಅತ್ಯಂತ ಕಠಿಣವಾದ ಪಾಠ.

ಕಾರಣವೇನು? ಮುಖ ಮುಳುಗಿದೊಡನೆ ಮನುಷ್ಯನು ತನಗರಿವಿಲ್ಲದೆಯೇ ಉಸಿರನ್ನು ಬಿಗಿಹಿಡಿಯುತ್ತಾನೆ. ಇದ್ದ ಗಾಳಿಯನ್ನೂ ಬಿಟ್ಟರೆ ಗತಿಯೇನು ಎಂಬುದು ಅವನ ಭಯ. ಆದರೆ ಕೆಲವೇ ಕ್ಷಣಗಳಲ್ಲಿ ಎದೆಯಲ್ಲಿ ಏಳುವ ತಳಮಳವು ಮುಖ್ಯವಾಗಿ ಆಮ್ಲಜನಕದ ಕೊರತೆಯಿಂದ ಉಂಟಾಗುವುದಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದರಿಂದ ಉಂಟಾಗುವುದು. ನಾವು ಒಳಗೆಳೆಯುವ ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 0.04ರಷ್ಟು, ಹೊರಬಿಡುವ ಗಾಳಿಯಲ್ಲಿ ಸುಮಾರು ಶೇಕಡಾ 4, ಅಂದರೆ ನೂರು ಪಟ್ಟು. ಹೀಗಿರಲು, ಭಯಗೊಂಡವನು ನಿಧಿಯೆಂದು ಕಾಪಾಡಿಕೊಳ್ಳುವುದು ವಾಸ್ತವವಾಗಿ ಕಳೆದುಕೊಳ್ಳಲೇಬೇಕಾದುದನ್ನು. ಸಂಗ್ರಹದ ಅವಗುಣವನ್ನು ಬಲ್ಲ ವ್ಯಾಪಾರಿಗಳಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ತಳಮಳವನ್ನು ಎದುರಿಸುವ ಮಾರ್ಗಗಳು ಮೂರು.

ಮೊದಲನೆಯದು ಅದಕ್ಕೆ ಸಂಪೂರ್ಣವಾಗಿ ಶರಣಾಗುವುದು. ಕಲಿಯುವವನು ಗಾಬರಿಯಿಂದ ತಲೆಯನ್ನು ಮೇಲಕ್ಕೆತ್ತುತ್ತಾನೆ. ತಲೆ ಏರಿದೊಡನೆ ಸೊಂಟವೂ ಕಾಲುಗಳೂ ಕೆಳಗಿಳಿಯುತ್ತವೆ. ಶರೀರ ಓರೆಯಾಗಿ ನೀರಿನ ತಡೆ ಹೆಚ್ಚುತ್ತದೆ. ತಲೆ ಹೊರಗಿರುವ ಆ ಅಲ್ಪ ಕಾಲದಲ್ಲಿಯೇ ಹಳೆಯ ಉಸಿರನ್ನು ಬಿಡುವ ಮತ್ತು ಹೊಸದನ್ನು ಎಳೆಯುವ ಎರಡೂ ಕೆಲಸಗಳು ಆಗಬೇಕು. ಎರಡೂ ಅರ್ಧರ್ಧವಾಗಿ, ಏದುಸಿರು ಹೆಚ್ಚಿ, ಭಯ ಇಮ್ಮಡಿಯಾಗುತ್ತದೆ.

ಎರಡನೆಯದು ತಳಮಳದ ಬಾಯಿ ಕಟ್ಟುವುದು. ನೀರಿಗಿಳಿಯುವ ಮುನ್ನ ಕೆಲವರು ಬೇಗಬೇಗನೆ ದೀರ್ಘವಾಗಿ ಅನೇಕ ಬಾರಿ ಉಸಿರಾಡಿ, ಬಳಿಕ ಮುಳುಗಿ ಬಹಳ ಹೊತ್ತು ಇರುತ್ತಾರೆ, ನೋಡುವವರು ಮೆಚ್ಚುತ್ತಾರೆ. ಇದು ಅತ್ಯಂತ ಅಪಾಯಕರ. ಹೀಗೆ ಮಾಡುವುದರಿಂದ ಆಮ್ಲಜನಕದ ಸಂಗ್ರಹ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಎಚ್ಚರಿಕೆ ನೀಡುವ ಇಂಗಾಲದ ಡೈಆಕ್ಸೈಡ್ ಮಾತ್ರ ತಗ್ಗುತ್ತದೆ. ಗಂಟೆ ಬಾರಿಸುವ ಕಾವಲುಗಾರನನ್ನು ಮಲಗಿಸಿ ಮನೆ ಸುರಕ್ಷಿತವೆಂದು ನಂಬಿದ ಹಾಗೆ. ಆಮ್ಲಜನಕವು ಮುಗಿಯುತ್ತ ಬಂದರೂ ಎದೆಯಲ್ಲಿ ಯಾವ ಸಂಕಟವೂ ತೋರದೆ, ಈಜುವವನು ನೀರಿನೊಳಗೆಯೇ ಎಚ್ಚರ ತಪ್ಪುತ್ತಾನೆ. ಆಳವಿಲ್ಲದ ಕೊಳಗಳಲ್ಲಿ, ಚೆನ್ನಾಗಿ ಈಜಬಲ್ಲವರೇ ಹೀಗೆ ಪ್ರಾಣ ಕಳೆದುಕೊಂಡ ಪ್ರಸಂಗಗಳು ಲೋಕದಲ್ಲಿ ಅನೇಕ.

ಮೂರನೆಯದು ಕಾರಣವನ್ನೇ ಕಳೆಯುವುದು. ಮುಖ ನೀರಿನೊಳಗಿರುವಷ್ಟು ಕಾಲವೂ ಮೂಗು ಬಾಯಿಗಳಿಂದ ಮೆಲ್ಲಗೆ, ಎಡೆಬಿಡದೆ ಉಸಿರನ್ನು ಬಿಡುತ್ತಿರಬೇಕು. ಕೈ ಹಿಂದಕ್ಕೆ ಸಾಗುವಾಗ ಶರೀರದೊಡನೆ ಮುಖವೂ ಪಕ್ಕಕ್ಕೆ ಹೊರಳುತ್ತದೆ. ಚಲನೆಯಿಂದ ತಲೆಯ ಪಕ್ಕದಲ್ಲಿ ನೀರು ತುಸು ತಗ್ಗಾಗುವುದರಿಂದ, ತಲೆಯೆತ್ತದೆಯೇ ಬಾಯಿಗೆ ಗಾಳಿ ಸಿಗುತ್ತದೆ. ಬಿಡುವ ಕೆಲಸ ಆಗಲೇ ಮುಗಿದಿರುವುದರಿಂದ ಆ ಕ್ಷಣವೆಲ್ಲ ಎಳೆಯುವುದಕ್ಕೇ ಮೀಸಲು. ಇಲ್ಲಿ ತಳಮಳಕ್ಕೆ ಶರಣಾಗತಿಯೂ ಇಲ್ಲ, ಅದರ ಮೇಲೆ ಬಲಾತ್ಕಾರವೂ ಇಲ್ಲ. ಎರಡನೆಯದು ದಮನ, ಇದು ಸಂಯಮ. ದಡದಲ್ಲಿ ನಿಂತು ನೋಡುವವರಿಗೆ ಇವೆರಡೂ ಒಂದೇ ಬಗೆಯ ಶಾಂತಿಯಂತೆ ಕಾಣುತ್ತವೆ. ಒಂದರ ಕೊನೆ ಮೂರ್ಛೆ, ಇನ್ನೊಂದರ ಕೊನೆ ಆಚೆಯ ದಡ.

ಶ್ವಾಸೋಚ್ಛ್ವಾಸವನ್ನು ದಶಪ್ರಾಣಗಳಲ್ಲಿ ಒಂದೆಂದು ಎಣಿಸುವ ನಮ್ಮ ಪರಂಪರೆಗೆ ಈ ವಿವೇಕ ಹೊಸದಲ್ಲ. ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು ಸ್ಮರಿಸುವ ಕಾಯೋತ್ಸರ್ಗಕ್ಕೆ ಇಪ್ಪತ್ತೇಳು ಉಚ್ಛ್ವಾಸಗಳ ಪ್ರಮಾಣವನ್ನು ಹೇಳಿದೆ. ಅಲ್ಲಿ ಉಸಿರನ್ನು ಎಣಿಸುವುದುಂಟು, ಬಿಗಿದು ಕಟ್ಟುವುದಿಲ್ಲ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ‘ಯೋಗಶಾಸ್ತ್ರ’ದಲ್ಲಿ ಪ್ರಾಣಾಯಾಮವನ್ನು ವಿಸ್ತಾರವಾಗಿ ವಿವರಿಸಿದ ಬಳಿಕವೂ, ಅದರಿಂದ ಪೀಡಿತವಾದ ಮನಸ್ಸು ಸ್ವಾಸ್ಥ್ಯವನ್ನು ಪಡೆಯದೆಂದು ಎಚ್ಚರಿಸಿದ್ದಾರೆ.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸುವುದು ಯೋಗ್ಯ. ಜಲವನ್ನೇ ಕಾಯವಾಗಿ ಉಳ್ಳ ಜೀವಿಗಳಿಗೆ ಬಾಧೆಯಾಗುವುದರಿಂದ, ನಿಷ್ಪ್ರಯೋಜನವಾಗಿ ನೀರನ್ನು ಕಲಕುವುದು ಅನರ್ಥದಂಡವಲ್ಲವೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಆ ವ್ರತದಲ್ಲಿ ನಿಷಿದ್ಧವಾಗಿರುವುದು ಪ್ರಯೋಜನವಿಲ್ಲದ ಕ್ರಿಯೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಲೋಕದಲ್ಲಿ ಸುಮಾರು ಮೂರು ಲಕ್ಷ ಜನರು ನೀರಿನಲ್ಲಿ ಮುಳುಗಿ ಮರಣ ಹೊಂದಿದರು. ಅವರಲ್ಲಿ ಚಿಕ್ಕ ಮಕ್ಕಳು ಬಹು ಮಂದಿ. ಪ್ರಾಣರಕ್ಷಣೆಯ ವಿದ್ಯೆಯನ್ನು ನಿಷ್ಪ್ರಯೋಜನವೆನ್ನಲಾಗದು. ಅದನ್ನು ಕಲಿತ ಮೇಲೆ ಎಷ್ಟು ಹೊತ್ತು ಜಲಕ್ರೀಡೆ ಎಂಬುದನ್ನು ಪ್ರತಿಯೊಬ್ಬನೂ ತನ್ನ ಪರಿಮಾಣಕ್ಕೆ ಅನುಸಾರವಾಗಿ ನಿಶ್ಚಯಿಸಿಕೊಳ್ಳಲಿ. ಉಸಿರು ನೆಲೆಗೊಂಡವನು ನೀರನ್ನು ಬಡಿಯುವುದೂ ಕಡಿಮೆ.

ಭಯಪಡುವುದು ನಾಚಿಕೆಯ ವಿಷಯವೇನೂ ಅಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಈಜಿದ ಬೆಂಗಳೂರಿನ ನಿಶಾ ಮಿಲೆಟ್ ಅವರು ಬಾಲ್ಯದಲ್ಲಿ ಮುಳುಗುವ ಅಪಾಯದಿಂದ ಪಾರಾದವರು. 2024ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಪ್ಯಾರಿಸ್ ಒಲಿಂಪಿಕ್ಸ್‌ನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಈಜಿದ ನಮ್ಮ ನಗರದ ಧಿನಿಧಿ ದೇಸಿಂಗು ಕೂಡ ಮೊದಮೊದಲು ನೀರೊಳಗೆ ತಲೆಯಿಡಲು ಕಷ್ಟಪಟ್ಟವಳೇ. ಅವರ ಭಯವು ಗದರಿಕೆಯಿಂದ ಹೋಗಲಿಲ್ಲ, ಅಭ್ಯಾಸದಿಂದ ಹೋಯಿತು. ಹೆದರಿದ ಮಗುವನ್ನು ಹಠಾತ್ತನೆ ನೀರಿಗೆ ನೂಕುವುದು ಧೈರ್ಯಶಿಕ್ಷಣವಲ್ಲ. ಅದು ದಮನದ ಮತ್ತೊಂದು ರೂಪ.

ಆದುದರಿಂದ ಶ್ರಾವಕ ಬಂಧುಗಳಲ್ಲಿಯೂ, ಬೇಸಿಗೆ ರಜೆಯಲ್ಲಿ ಮಕ್ಕಳ ಶಿಬಿರಗಳನ್ನು ನಡೆಸುವ ಬಸದಿಗಳ ಟ್ರಸ್ಟುಗಳಲ್ಲಿಯೂ ನನ್ನ ವಿನಂತಿ ಇಷ್ಟೇ. ಮಕ್ಕಳಿಗೆ ಈಜನ್ನು ಕಲಿಸಿರಿ. ಕಾಲು ನೆಲಕ್ಕೆ ತಾಗುವ ನೀರಿನಲ್ಲಿ, ಬಲ್ಲ ಶಿಕ್ಷಕರ ಕಣ್ಣೆದುರಿಗೆ, ಉಸಿರು ಬಿಡುವುದರಿಂದಲೇ ಆರಂಭಿಸಿರಿ. ಯಾರು ಹೆಚ್ಚು ಹೊತ್ತು ಮುಳುಗಿರಬಲ್ಲರೆಂಬ ಪಂದ್ಯವನ್ನು ನೋಡಿ ಚಪ್ಪಾಳೆ ತಟ್ಟದೆ, ಕೂಡಲೇ ನಿಲ್ಲಿಸಿರಿ. ನನ್ನಂತೆ ಅರವತ್ತು ದಾಟಿದವರು ಕಲಿಯಬಯಸಿದರೆ ಮೊದಲು ವೈದ್ಯರ ಸಲಹೆ ಪಡೆಯಲಿ. ವ್ರತನಿಯಮಗಳಲ್ಲಿಯೂ ಇದೇ ವಿವೇಕ ಇರಲಿ. ಮನೆಯ ಕಿರಿಯರು ಕೋಪವನ್ನೋ ಆಸೆಯನ್ನೋ ನುಂಗಿ ಮೌನವಾಗಿದ್ದರೆ, ಅವರು ಸಂಯಮಿಗಳಾದರೆಂದು ತೀರ್ಮಾನಿಸುವ ಮುನ್ನ ಒಳಗಿನ ಎಚ್ಚರಿಕೆಯ ಗಂಟೆ ಇನ್ನೂ ಬಾರಿಸುತ್ತಿದೆಯೇ ಎಂದು ಪ್ರೀತಿಯಿಂದ ವಿಚಾರಿಸುವುದು ಹಿರಿಯರ ಕರ್ತವ್ಯ.