ಹೊತ್ತ ಹರಕೆ ಹಗುರಾಗುವುದು ಹೇಗೆ?

ಉಘೇ ಉಘೇ ಮಾದಪ್ಪ!

ಏಳುಮಲೆಯ ಒಡೆಯನ ಸನ್ನಿಧಿಗೆ ಬಂದಿದ್ದೀರಿ. ಅಂತರಗಂಗೆಯಲ್ಲಿ ಮಿಂದಿದ್ದೀರಿ. ಮುಡಿ ಕೊಡುವವರು ಮುಡಿ ಕೊಟ್ಟಿದ್ದೀರಿ, ಹುಲಿವಾಹನ ಸೇವೆ ಮಾಡಿಸುವವರು ಮಾಡಿಸಿದ್ದೀರಿ. ದಾಸೋಹದಲ್ಲಿ ಪ್ರಸಾದವೂ ಆಯಿತು. ಬಸ್ಸು ಹತ್ತುವ ಮುಂಚೆ ಒಂದು ಮಾತು ಕೇಳಿಕೊಂಡು ಹೋಗಿ.

ಮಾದಪ್ಪನ ಮುಂದೆ ಕೈಮುಗಿದು ನಿಂತಾಗ ಮನಸ್ಸಿನಲ್ಲೇ ಒಂದು ಮಾತು ಕೊಟ್ಟಿದ್ದೀರಿ, ಹೌದೋ ಅಲ್ಲವೋ? “ಇನ್ನು ಮೇಲೆ ಕುಡಿಯಲ್ಲ ಮಾದಪ್ಪಾ.” “ಡಾಕ್ಟರು ಹೇಳಿದ ಹಾಗೆ ದಿನಾ ನಡೀತೀನಿ.” “ಪರೀಕ್ಷೆ ತನಕ ದಿನಾ ಬೆಳಿಗ್ಗೆ ಎದ್ದು ಓದ್ತೀನಿ.” “ಮನೇಲಿ ಸಿಟ್ಟು ಮಾಡಲ್ಲ.” ಆ ಮಾತು ಎಷ್ಟು ದಿನ ನಿಲ್ಲುತ್ತದೆ?

ಬೇಸರ ಮಾಡಿಕೊಳ್ಳಬೇಡಿ, ಇದ್ದದ್ದು ಹೇಳ್ತೀನಿ. ಕೆಲವರ ಹರಕೆ ತಾಳಬೆಟ್ಟ ಇಳಿಯುವ ತನಕ. ಕೆಲವರದು ಕೊಳ್ಳೇಗಾಲದ ತನಕ. ಬೆಂಗಳೂರಿನವರದು ಕೆ.ಆರ್.ಪುರದ ತೂಗುಸೇತುವೆ ಹತ್ತಿರ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ ಅಲ್ಲೇ ಇಳಿದು ಹೋಗುತ್ತದೆ. ಹಾಗಂತ ಇವರೆಲ್ಲ ಸುಳ್ಳು ಭಕ್ತರಲ್ಲ. ಮಾತು ಕೊಡುವಾಗ ಕಣ್ಣಲ್ಲಿ ಬಂದ ನೀರು ನಿಜವಾದದ್ದೇ. ಹಾಗಾದರೆ ತಪ್ಪು ಎಲ್ಲಿ?

ಮಹದೇವಪುರದ ಒಬ್ಬ ಭಕ್ತರ ಕಥೆ ಹೇಳ್ತೀನಿ. ಊರಿನ ಹೆಸರಲ್ಲೇ ಮಹದೇವ ಇದ್ದಾನೆ. ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಹೆಂಡತಿ, ಇಬ್ಬರು ಮಕ್ಕಳು. ಸಂಬಳದ ಅರ್ಧ ಕುಡಿತಕ್ಕೆ. ಮೂರು ಶಿವರಾತ್ರಿ ಬೆಟ್ಟಕ್ಕೆ ಬಂದರು, ಮೂರು ಸಲವೂ ಕುಡಿತ ಬಿಡುತ್ತೇನೆಂದು ಹರಕೆ ಹೊತ್ತರು. ಮೊದಲ ಸಲ ಒಂಬತ್ತು ದಿನ ನಿಂತಿತು. ಎರಡನೇ ಸಲ ಯುಗಾದಿಯ ಮಾರನೆ ದಿನ ಹೊಸತೊಡಕಿಗೆ ಮುರಿಯಿತು. ಮೂರನೇ ಸಲ ಬಸ್ಸಿಳಿದ ಸಂಜೆಯೇ ಹೋಯಿತು. ನಾಲ್ಕನೇ ವರ್ಷ ಹೆಂಡತಿ, “ನಾನು ಬರಲ್ಲ. ದೇವರ ಮುಂದೆ ನಿಮ್ಮ ಸುಳ್ಳಿಗೆ ಸಾಕ್ಷಿ ನಿಲ್ಲೋಕೆ ನನ್ನ ಕೈಲಾಗಲ್ಲ” ಅಂದುಬಿಟ್ಟರು. ಆ ವರ್ಷ ಒಬ್ಬರೇ ಬಂದರು. ಹರಕೆ ಹೊರುವುದಕ್ಕೂ ಧೈರ್ಯ ಸಾಲದೆ ಜಗಲಿ ಮೇಲೆ ಕೂತಿದ್ದರು.

ಪಕ್ಕದಲ್ಲಿ ಕಂಸಾಳೆ ಬಡಿದು ದಣಿದಿದ್ದ ಒಬ್ಬ ಅಜ್ಜ. “ಯಾಕ್ ಮಗಾ, ಪರಸೆಗೆ ಬಂದೋನು ಹಿಂಗ್ ಕೂತಿದ್ದೀಯ?” ಅಂತ ವಿಚಾರಿಸಿದ. ಇವರು ಎಲ್ಲವನ್ನೂ ಹೇಳಿಕೊಂಡರು.

“ಕುಡಿಯೋ ಹೊತ್ತು ಬಂದಾಗ ಏನ್ ಮಾಡ್ತಿದ್ದೆ?”

“ಏನೂ ಇಲ್ಲ ತಾತ. ಮನೇಲಿ ಹಲ್ಲು ಕಚ್ಕೊಂಡು ಕೂತಿರ್ತಿದ್ದೆ.”

“ಹಲ್ಲು ಕಚ್ಕೊಂಡು ಎಷ್ಟು ದಿನ ಕೂತೀಯೋ ಮಗಾ? ಲೋಟ ಕಿತ್ಕೊಂಡ ಕೈ ಬರಿಗೈಯಾಗೇ ಇದ್ರೆ ಮತ್ತೆ ಲೋಟಾನೇ ಹುಡುಕ್ತದೆ. ಆ ಕೈಗೆ ತಾಳ ಕೊಡು.”

ನೋಡಿ, ಓದುಬರಹ ಬಲ್ಲವರು ಪುಸ್ತಕಗಟ್ಟಲೆ ಬರೆಯುವುದನ್ನು ಆ ಅಜ್ಜ ಒಂದೇ ಮಾತಿನಲ್ಲಿ ಹೇಳಿದ. ನಾವು ಹರಕೆಯನ್ನು ಸಾಲದ ಹಾಗೆ ಹೊರುತ್ತೇವೆ. ದಿನಾ ಕಂತು ಕಟ್ಟಬೇಕು, ಮುಖ ಗಂಟು ಹಾಕಿಕೊಂಡು ಕಟ್ಟಬೇಕು, ಫಲ ಮಾತ್ರ ಎಂದೋ ಒಂದು ದಿನ. ಎಂದೋ ಬರುವ ಫಲಕ್ಕಾಗಿ ಇವತ್ತಿನ ಕಷ್ಟವನ್ನು ಮನಸ್ಸು ಬಹಳ ದಿನ ತಾಳುವುದಿಲ್ಲ. ಇವತ್ತಿನ ಪಾಲಿಗೂ ಒಂದಿಷ್ಟು ಸವಿ ಬೇಕು.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಅಮೆರಿಕದ ಕೇಟ್ಲಿನ್ ವೂಲಿ ಮತ್ತು ಅಯೆಲೆಟ್ ಫಿಶ್‌ಬಾಕ್ ಎಂಬ ಇಬ್ಬರು ಸಂಶೋಧಕಿಯರು ಹೊಸ ವರ್ಷಕ್ಕೆ ಸಂಕಲ್ಪ ಮಾಡಿದವರನ್ನು ವಿಚಾರಿಸಿ, 2017ರಲ್ಲಿ ಪ್ರಕಟಿಸಿದರು. ಜನ ಸಂಕಲ್ಪ ಮಾಡುವುದು ಮುಂದಿನ ದೊಡ್ಡ ಲಾಭ ನೆನೆದು. ಆದರೆ ಅದನ್ನು ಬಿಡದೆ ನಡೆಸಿಕೊಂಡು ಹೋಗುವವರು, ಮಾಡುವಾಗಲೇ ಸಂತೋಷ ಕಂಡವರು.

ನಮ್ಮ ಬೆಟ್ಟದ ದಾರಿಗೆ ಇದು ಹೊಸ ಮಾತಲ್ಲ. ಶಿವರಾತ್ರಿ ಹೊತ್ತಿಗೆ ಬೆಂಗಳೂರು, ಕನಕಪುರ ಕಡೆಯಿಂದ ಸಾವಿರಾರು ಜನ ನಡೆದೇ ಬರುತ್ತಾರೆ. ಸಂಗಮದ ಹತ್ತಿರ ಕಾವೇರಿ ದಾಟಿ, ಕಾಡು ಹಾದು, ಹನೂರಿನ ಮೇಲೆ ತಾಳಬೆಟ್ಟ ಸೇರುತ್ತಾರೆ. ದಿನಗಟ್ಟಲೆ ನಡೆಯಬೇಕು ಅಂತ ಆಫೀಸಿನಲ್ಲಿ ಆರ್ಡರ್ ಮಾಡಿದರೆ ನೀವು ಅವತ್ತೇ ರಜೆ ಹಾಕ್ತೀರಿ! ಇಲ್ಲಿ ಕಾಲಲ್ಲಿ ಬೊಕ್ಕೆ ಎದ್ದರೂ ನಡೀತೀರಿ. ಯಾಕೆ? ಮುಂದೆ ಯಾರೋ ಪದ ಹೇಳುತ್ತಿರುತ್ತಾರೆ. ದಾರಿಯಲ್ಲಿ ಅರವಟ್ಟಿಗೆ, ಮಜ್ಜಿಗೆ, ಪಾನಕ. ಸುಸ್ತಾದವನ ಚೀಲ ಗೊತ್ತಿಲ್ಲದವನೊಬ್ಬ ಹೊರುತ್ತಾನೆ. ಒಬ್ಬ “ಉಘೇ” ಅಂದರೆ ನೂರು ಗಂಟಲು ದನಿಗೂಡಿಸುತ್ತವೆ. ನಡೆಯುವ ಕಷ್ಟ ಹಾಗೇ ಇದೆ, ಆದರೆ ಕಷ್ಟದೊಳಗೆ ಹಬ್ಬ ಸೇರಿಕೊಂಡಿದೆ. (ಕಾಡುದಾರಿಯಲ್ಲಿ ಅನುಮತಿ ಇರುವಾಗ ಮಾತ್ರ, ಹಗಲು ಹೊತ್ತು, ಗುಂಪಾಗಿ ನಡೆಯಿರಿ.)

ದೀಪಾವಳಿಯ ಹಾಲರವಿ ಉತ್ಸವ ನೋಡಿದ್ದೀರಾ? ಬೇಡಗಂಪಣ ಕುಲದ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನ ಹಳ್ಳದಿಂದ ನೀರು ತುಂಬಿದ ಕಳಶ ಹೊತ್ತು ಸ್ವಾಮಿಯ ಅಭಿಷೇಕಕ್ಕೆ ತರುತ್ತಾರೆ. ಒಬ್ಬಳೇ ಹೊತ್ತರೆ ಅದು ಭಾರ. ನೂರೊಂದು ಜನ ವಾದ್ಯದ ಜೊತೆ ಹೊತ್ತರೆ ಉತ್ಸವ.

ಮಾದಪ್ಪನ ಕಥೆಯಲ್ಲೂ ನೋಡಿ. ಸ್ವಾಮಿ ಸುತ್ತೂರು ಮಠದಲ್ಲಿ ರಾಗಿ ಬೀಸುವ ಕೆಲಸ ಮಾಡಿದರೆಂದು ಹೇಳುತ್ತಾರೆ. ಜಗದೊಡೆಯನೂ ರಾಗಿಕಲ್ಲಿನ ಮುಂದೆ ಕೂತ! ಹಿಟ್ಟಿನ ಗಿರಣಿ ಬರುವ ಮುಂಚೆ ನಮ್ಮ ತಾಯಂದಿರು ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುತ್ತಿದ್ದರು. ಸುಮ್ಮನೆ ಬೀಸಿದರೆ ತೋಳು ಸೋಲುತ್ತಿತ್ತು. ಅದಕ್ಕೇ ಪದ ಕಟ್ಟಿದರು. ತವರಿನ ಪದ, ಅಣ್ಣನ ಪದ, ಶಿವನ ಪದ. ಪದ ಮುಗಿಯುವಷ್ಟರಲ್ಲಿ ರಾಗಿಯೂ ಮುಗಿದಿರುತ್ತಿತ್ತು. ಕಲ್ಲು ಹಗುರಾಗಲಿಲ್ಲ, ಬೀಸುವ ಮನಸ್ಸು ಹಗುರಾಯಿತು.

ಹಳೇ ಕಾಲದ ಮಾತಾಯಿತು ಅನ್ನುತ್ತೀರೇನೋ. ಈಗಿನದೇ ಕೇಳಿ. ಮಹದೇವಪುರ ವಿಧಾನಸಭಾ ಕ್ಷೇತ್ರದಲ್ಲೇ, ಸರ್ಜಾಪುರ ರಸ್ತೆಯ ಪಕ್ಕ ಕೈಕೊಂಡ್ರಹಳ್ಳಿ ಕೆರೆ ಇದೆ, ಸುಮಾರು 48 ಎಕರೆ. ಒಂದು ಕಾಲಕ್ಕೆ ಕೊಳಚೆ, ಕಸ ಸೇರಿ ಕೆಟ್ಟಿತ್ತು. 2009ರ ಸುಮಾರಿಗೆ ಸುತ್ತಲಿನ ನಿವಾಸಿಗಳೂ ಬಿಬಿಎಂಪಿಯವರೂ ಸೇರಿ ಅದನ್ನು ಸರಿಮಾಡಲು ಹೊರಟರು. ಬರೀ “ಕೆರೆ ಉಳಿಸಿ” ಅಂತ ಭಾಷಣ ಮಾಡಿದ್ದರೆ ಜನ ಎರಡು ಭಾನುವಾರ ಬಂದು ನಿಲ್ಲಿಸುತ್ತಿದ್ದರು. ಅಲ್ಲಿ ನಡೆಯಲು ದಾರಿ ಆಯಿತು, ಹಕ್ಕಿ ನೋಡುವವರು ಬಂದರು, ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು ಬಂದರು, ಕೆರೆ ಹಬ್ಬ ನಡೆಯಿತು. ತೊಂದರೆ ಆಮೇಲೂ ಬಂದಿವೆ. ಆದರೆ ಕೆರೆಯ ಸುಖ ಉಂಡವರು ಕೆರೆಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಹಾಗಾದರೆ ನೀವು ಏನು ಮಾಡಬೇಕು? ನಾಲ್ಕೇ ಮಾತು.

ಒಂದು, ಒಬ್ಬರೇ ಹೊರಬೇಡಿ. ನಡೆಯುವ ಹರಕೆಯಾದರೆ ಬೀದಿಯ ಒಬ್ಬ ಗೆಳೆಯನನ್ನು ಕೂಗಿ ಕರೆದುಕೊಳ್ಳಿ. ಅವನು ಬಾಗಿಲಲ್ಲಿ ಕಾಯುತ್ತಿದ್ದಾನೆ ಅಂದರೆ ನಿದ್ದೆ ತಾನೇ ಬಿಡುತ್ತದೆ.

ಎರಡು, ಹರಕೆಯ ಜೊತೆಗೆ ನಿಮಗೆ ಇಷ್ಟವಾದದ್ದೊಂದನ್ನು ಕಟ್ಟಿ. ಮಾದಪ್ಪನ ಪದದ ಕ್ಯಾಸೆಟ್ಟೋ, ಮೊಬೈಲೋ, ನಡೆಯುವಾಗ ಮಾತ್ರ ಕೇಳುವುದು ಅಂತ ಮೀಸಲಿಡಿ. ಆದರೆ ಹರಕೆಯನ್ನೇ ತಿನ್ನುವ ಸವಿ ಬೇಡ. ಒಂದು ಸುತ್ತು ನಡೆದು ಎರಡು ಮಸಾಲೆ ದೋಸೆ ತಿಂದರೆ ಸಕ್ಕರೆ ಕಾಯಿಲೆ ಇಳಿಯುವುದಿಲ್ಲ.

ಮೂರು, ಇವತ್ತಿನ ಪಾಲು ಚಿಕ್ಕದಿರಲಿ. ಎಪ್ಪತ್ತೇಳು ಮಲೆಯನ್ನೂ ಒಂದೇ ನೋಟಕ್ಕೆ ನೋಡಿದರೆ ಎದೆ ಒಡೆಯುತ್ತದೆ. ಮುಂದಿನ ಅರವಟ್ಟಿಗೆ ತನಕ ಅಂತ ನಡೆದವರು ಗುಡಿ ಮುಟ್ಟುತ್ತಾರೆ.

ನಾಲ್ಕು, ಜಾರಿದರೆ ಎದ್ದೇಳಿ. ಬೆಟ್ಟ ಹತ್ತುವಾಗ ಕಾಲು ಜಾರಿದವನು ತಾಳಬೆಟ್ಟಕ್ಕೆ ವಾಪಸು ಹೋಗಿ ಮೊದಲಿನಿಂದ ಹತ್ತುವುದಿಲ್ಲ. ಬಿದ್ದ ಜಾಗದಿಂದಲೇ ಎದ್ದು ಹತ್ತುತ್ತಾನೆ.

ಆ ಮಹದೇವಪುರದ ಭಕ್ತರು ಏನಾದರು ಅಂತ ಕೇಳ್ತೀರಿ. ಮೊದಲು ಡಾಕ್ಟರ ಹತ್ತಿರ ಹೋದರು. ದಿನಾ ಹೆಚ್ಚು ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ನಡುಕ, ಫಿಟ್ಸ್ ಬರುವುದುಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಚಿಕಿತ್ಸೆ ಇದೆ. ಹರಕೆ ಇದೆ ಅಂತ ಔಷಧ ಬೇಡ ಅನ್ನಬೇಡಿ. ಆಮೇಲೆ ಬೀದಿಯ ಗುಡಿಯ ಭಜನೆ ತಂಡ ಸೇರಿದರು. ಕುಡಿಯುವ ಹೊತ್ತೇ ಭಜನೆಯ ಹೊತ್ತಾಯಿತು. ಮೊದಮೊದಲು ತಾಳ ತಪ್ಪಿ ಹುಡುಗರು ನಕ್ಕರು, ಇವರೂ ನಕ್ಕರು. ಮುಂದಿನ ಹೊಸತೊಡಕಿಗೆ ಒಂದು ಸಲ ಜಾರಿದರು. ಮುಂಚಿನ ಹಾಗೆ “ಹರಕೆ ಮುರೀತು, ಇನ್ನೇನು” ಅನ್ನಲಿಲ್ಲ. ಮಾರನೆ ಸಂಜೆ ನಾಚಿಕೊಂಡೇ ಗುಡಿಗೆ ಹೋಗಿ ತಾಳ ಹಿಡಿದರು. ಮುಂದಿನ ಶಿವರಾತ್ರಿಗೆ ಬೆಟ್ಟ ಹತ್ತುವಾಗ ಪಕ್ಕದಲ್ಲಿ ಹೆಂಡತಿ ಇದ್ದರು. ಯಾವ ಹರಕೆ ಅಂತ ಆ ತಾಯಿ ಕೇಳಲಿಲ್ಲ. “ಒಂದು ಪದ ಹೇಳ್ರೀ, ಕಾಲು ನೋಯ್ತಾ ಇದೆ” ಅಂದರಂತೆ.

ಭಕ್ತಬಾಂಧವರೇ, ಬೆಟ್ಟದಿಂದ ಕಲ್ಲುಸಕ್ಕರೆ, ವಿಭೂತಿ ಕೊಂಡುಹೋಗುತ್ತೀರಿ. ಜೊತೆಗೆ ಈ ದಾರಿಯ ಹಾಡನ್ನೂ ಕೊಂಡುಹೋಗಿ. ಹೊತ್ತ ಹರಕೆಯನ್ನು ಸಾಲದ ಹಾಗೆ ತೀರಿಸಬೇಡಿ, ಸೇವೆಯ ಹಾಗೆ ಸವಿಯಿರಿ. ಮಾದಪ್ಪ ನಿಮ್ಮ ಮನೆ ಬೆಳಗಲಿ, ಕೊಟ್ಟ ಮಾತು ಉಳಿಸಲಿ.

ಉಘೇ ಮಾದಪ್ಪ! ಉಘೇ ಮಾದೇಶ!